ಚೆಂಬುಕಟ್ಟೆ ಎಂಬ ಹೆಸರಿನವರು

ಮೊನ್ನೆ ಕೊಟ್ಟಾರದ ಅಂಗಡಿಯಲ್ಲಿ ಓಲೆಬೆಲ್ಲದ ಕಟ್ಟು ಬಿಚ್ಚಿದರು ನೋಡಿ, ಆ ಹೊಗೆಯ, ಒಣಗಿದ ತಾಳೆಗರಿಯ ವಾಸನೆಗೆ ನಾನು ನಿಂತಲ್ಲಿಂದಲೇ ಕೂಳೂರಿನ ಅಜ್ಜಿಮನೆಯ ಚಾವಡಿಗೆ ಹೋಗಿ ಕೂತುಬಿಟ್ಟಿದ್ದೆ. ಎಪ್ಪತ್ತರ ದಶಕದ ಉದ್ದುದ್ದ ಮಧ್ಯಾಹ್ನಗಳು. ಹೊಳೆಯ ಕಡೆಯಿಂದ ಉಪ್ಪುಗಾಳಿ, ಕೆಂಪು ನೆಲದ ತಂಪು, ಅದರ ಮೇಲೆ ಅಂಗಾತ ಮಲಗಿದ ನಾನು. ಜಗಲಿಯ ಹೊರಗೊಂದು ಕಲ್ಲುಕಟ್ಟೆ, ಅದರ ಮೇಲೆ ನೀರು ತುಂಬಿದ ತಾಮ್ರದ ಚೆಂಬು, ಪಕ್ಕದ ತಟ್ಟೆಯಲ್ಲಿ ಬೆಲ್ಲದ ತುಂಡು. ಸೇತುವೆ ಇಲ್ಲದ ಕಾಲದಲ್ಲಿ ದೋಣಿಯಿಂದ ಇಳಿದವರು ಯಾರೇ ಇರಲಿ, ನಮ್ಮ ಕಟ್ಟೆಯಲ್ಲಿ ಕೂತು, ಬೆಲ್ಲ ಕಚ್ಚಿ ನೀರು ಕುಡಿದೇ ಮುಂದೆ ಹೋಗುತ್ತಿದ್ದರಂತೆ. ಹಾಗೆ ಮನೆಗೆ ಚೆಂಬುಕಟ್ಟೆ ಎಂದು ಹೆಸರು ಬಿತ್ತು. ಆಮೇಲೆ ಅದು ಮನೆಯವರ ಹೆಸರಿನ ಬಾಲಕ್ಕೂ ಅಂಟಿಕೊಂಡಿತು. ನನ್ನ ಕಾಲಕ್ಕೆ ಸೇತುವೆಯ ಮೇಲೆ ಬಸ್ಸುಗಳು ಓಡುತ್ತಿದ್ದವು, ಕಟ್ಟೆಯಲ್ಲಿ ಕೂರುತ್ತಿದ್ದವರು ಪೋಸ್ಟ್‌ಮ್ಯಾನ್ ಮತ್ತು ಮೀನಿನ ಬುಟ್ಟಿಯ ಹೆಂಗಸು ಮಾತ್ರ. ಆದರೂ ಅಜ್ಜಿ ಬೆಳಿಗ್ಗೆ ಚೆಂಬು ತುಂಬಿಸದೆ ಕಾಫಿ ಮುಟ್ಟಿದವರಲ್ಲ.

ನಮ್ಮಲ್ಲಿ ಮನೆತನ ನಡೆಯುವುದು ಹೆಣ್ಣುಮಕ್ಕಳಿಂದ. ಅಜ್ಜಿಗೆ ಅಮ್ಮ ಒಬ್ಬಳೇ, ಅಮ್ಮನಿಗೆ ನಾನೊಬ್ಬಳೇ. “ನೀನು ಇದ್ದೀಯಲ್ಲ ಮಗಾ, ಹೆಸರು ಎಲ್ಲಿಗೆ ಹೋಗ್ತದೆ?” ಎಂದು ಅಜ್ಜಿ ನನ್ನ ತಲೆಗೆ ಎಣ್ಣೆ ತಿಕ್ಕುತ್ತಾ ಹೇಳುತ್ತಿದ್ದರು. ನನಗೋ ಆ ಹೆಸರೆಂದರೆ ಮೈಯೆಲ್ಲ ಉರಿ! ಹಾಜರಿ ಕರೆದಾಗಲೆಲ್ಲ ಹಿಂದಿನ ಬೆಂಚಿನ ಹುಡುಗಿಯರು, “ಚೆಂಬು ಬಂತು ಮಾರಾಯ್ತಿ, ನೀರು ಉಂಟಾ ಕೇಳು!” ಎಂದು ಕಿಸಿಕಿಸಿ ನಗುತ್ತಿದ್ದರು. ಹತ್ತನೆಯ ತರಗತಿಯ ಪರೀಕ್ಷೆಗೆ ಅರ್ಜಿ ತುಂಬುವಾಗ ಅಪ್ಪನ ಮುಂದೆ ಹಟ ಹಿಡಿದೆ. “ಅಪ್ಪ, ಹೆಸರಿನ ಹಿಂದೆ ನಿಮ್ಮ ಶೆಟ್ಟಿ ಸಾಕು, ಆ ಚೆಂಬುಕಟ್ಟೆ ಎಂತಕ್ಕೆ?” ಅಪ್ಪ ಪೆನ್ನಿನ ಮುಚ್ಚಳ ತೆಗೆದರು. “ಅಜ್ಜಿಗೆ ನೀನೇ ಹೇಳ್ಬೇಕು, ಆಯ್ತಾ?” ಎಂದು ರುಜು ಹಾಕಿದರು. ಹೇಳುವ ಧೈರ್ಯ ನನಗೆಲ್ಲಿತ್ತು!

ಮಾರ್ಕ್ಸ್ ಕಾರ್ಡ್ ಬಂದ ದಿನ ಅಜ್ಜಿ ಕೈ ತೊಳೆದು, ಸೆರಗಿಗೆ ಒರೆಸಿಕೊಂಡು, ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು. ಅವರಿಗೆ ಓದು ಬರುತ್ತಿರಲಿಲ್ಲ.

“ನಮ್ಮ ಹೆಸರು ಎಲ್ಲುಂಟು, ತೋರಿಸು.”

ನಾನು ಅವರ ಬೆರಳು ಹಿಡಿದು ಒಂದು ಸಾಲಿನ ಮೇಲೆ ಇಟ್ಟೆ. “ಇಲ್ಲಿ, ಅಜ್ಜಿ.”

ಅವರು ಆ ಸಾಲನ್ನು ನಿಧಾನವಾಗಿ ಸವರಿದರು. “ಎಷ್ಟು ಚಂದ ಬರೆದಿದ್ದಾರಲ್ಲ!” ಎಂದರು. ಬಾಗಿಲಲ್ಲಿ ನಿಂತಿದ್ದ ಅಮ್ಮ ನನ್ನ ಮುಖ ನೋಡಿ ಒಳಗೆ ಹೋದಳು.

ಎಂಬತ್ತರ ದಶಕದಲ್ಲಿ ಅಜ್ಜಿ ತೀರಿಕೊಂಡರು, ಮನೆ ಮಾರಿಹೋಯಿತು, ಕಟ್ಟೆಯ ಕಲ್ಲುಗಳನ್ನು ಯಾರೋ ಲಾರಿಯಲ್ಲಿ ಒಯ್ದರು. ಅಮ್ಮನೂ ಹೋದ ಮೇಲೆ ಆ ಹೆಸರಿನವರು ಒಬ್ಬರೂ ಉಳಿಯಲಿಲ್ಲ. ಕಾಲ ಬದಲಾಯಿತು ಎಂದು ಹೇಳಿ ಜಾರಿಕೊಳ್ಳಬಹುದು, ಆದರೆ ಅದನ್ನು ಮುಗಿಸಿದವಳು ನಾನೇ. ಆ ಕಾರ್ಡ್ ಈಗಲೂ ನನ್ನ ಹತ್ತಿರ ಇದೆ. ಅಜ್ಜಿ ಅಷ್ಟು ಪ್ರೀತಿಯಿಂದ ಸವರಿದ ಸಾಲಿನಲ್ಲಿ ‘ಗಣಿತ’ ಎಂದು ಬರೆದಿದೆ.