ಹಸಿಂತಾಳ ಚೀಸ್ ಕಲ್ಲು

ಲಾನ್ಸರೋಟೆ ದ್ವೀಪದಲ್ಲಿ ಕಲ್ಲಿಗೆ ಬರವಿಲ್ಲ. ಜ್ವಾಲಾಮುಖಿಗಳು ಹೊಲ, ದಾರಿ, ಅಂಗಳ ಒಂದನ್ನೂ ಬಿಡದೆ ಕರಿಕಲ್ಲು ಸುರಿದುಹೋಗಿವೆ. ಅಂಥ ಊರಿನಲ್ಲಿ ಒಂದೇ ಒಂದು ಕಲ್ಲಿಗಾಗಿ ಕಚ್ಚೆ ಕಟ್ಟಿ ಜಗಳಕ್ಕೆ ನಿಲ್ಲುವವಳು ಹಸಿಂತಾ.

ಹಸಿಂತಾ ಆಡು ಸಾಕಿ ಚೀಸ್ ಮಾಡುವವಳು. ಅವಳ ಕಲ್ಲು ಕುಂಬಳಕಾಯಿಯಷ್ಟಿತ್ತು, ಎತ್ತಿದರೆ ಸೊಂಟ ಹಿಡಿಯುತ್ತಿತ್ತು. ಹೊರಗೆ ಕಪ್ಪು ಸಿಪ್ಪೆ, ಸಿಪ್ಪೆ ಎದ್ದ ಕಡೆ ಒಳಗೆಲ್ಲ ಹಸಿರು ಹರಳು. ಅವಳಜ್ಜಿ ಲಾವಾ ಬಯಲಿನಿಂದ ಹೊತ್ತು ತಂದದ್ದು. ಒಡೆದ ಹಾಲನ್ನು ಬಳೆಯಂತೆ ಸುತ್ತಿದ ತಾಳೆಗರಿಯ ಪಟ್ಟಿಯೊಳಗೆ ತುಂಬಿ, ಹಲಗೆಯಿಟ್ಟು, ಮೇಲೆ ಈ ಕಲ್ಲು ಹೇರಿದರೆ ನೀರೆಲ್ಲ ಇಳಿದು ಚೀಸ್ ಗಟ್ಟಿಯಾಗುತ್ತಿತ್ತು. ಊರಿನ ಉಳಿದ ಕಲ್ಲುಗಳ ಮೈತುಂಬ ತೂತು. ಅಷ್ಟೇ ಭಾರಕ್ಕೆ ಅವನ್ನು ಗುಡ್ಡೆ ಹಾಕಬೇಕು, ಹಾಕಿದರೆ ಉರುಳಿ ಬೀಳುತ್ತವೆ.

ಗಂಡ ಸೆಬೆರೋ ದ್ರಾಕ್ಷಿ ತೋಟದ ಕೆಲಸ ಮುಗಿಸಿ ನೇರವಾಗಿ ಬಾರಿಗೆ ಹೋಗಿ ಡಾಮಿನೋ ಆಡುವವನು. ಮದುವೆಯಾದ ದಿನದಿಂದ ಚೀಸ್ ಕೋಣೆಗೆ ಕಾಲಿಟ್ಟವನಲ್ಲ. ಹುಳಿ ವಾಸನೆಯಂತೆ! ಚೀಸ್ ತಿನ್ನುವಾಗ ಮಾತ್ರ ಆ ಮೂಗು ಎಲ್ಲಿಗೆ ಹೋಗುತ್ತಿತ್ತೋ ದೇವರೇ ಬಲ್ಲ.

ಒಂದು ದಿನ ತೆನೆರೀಫೆ ದ್ವೀಪದಿಂದ ಬಂದಿದ್ದ ಯುರೇನಾ ಎಂಬ ಭೂವಿಜ್ಞಾನಿ ಹುಡುಗಿ ಚೀಸ್ ಕೊಳ್ಳಲು ಬಂದವಳು, ಕಲ್ಲು ಕಂಡು ಚೀಸನ್ನೇ ಮರೆತಳು.

"ಹಸಿಂತಾ ಅಮ್ಮ, ಈ ಕಲ್ಲು ಎಲ್ಲಿಂದ ಬಂತು?"

"ನಮ್ಮಜ್ಜಿ ಹೊತ್ಕೊಂಡು ಬಂದಿದ್ದು. ಯಾಕೆ, ಚೀಸ್ ಬೇಡ್ವಾ?"

"ನಿಮ್ಮಜ್ಜಿಗಿಂತ ಮುಂಚೆ ಲಾವಾ ಹೊತ್ಕೊಂಡು ಬಂದಿದೆ. ಈ ದ್ವೀಪದ ಕೆಳಗೆ ಸಮುದ್ರದ ತಳ, ಅದರ ಕೆಳಗಿನ ಬಂಡೆ ಇದು. ಅಲ್ಲೀವರೆಗೆ ಯಾರೂ ತೋಡಿ ಮುಟ್ಟಿಲ್ಲ. ಲಾವಾ ಮೇಲೆ ಬರೋವಾಗ ಕಿತ್ತು ತಂದ ಚೂರು." ಹುಡುಗಿ ಕಲ್ಲಿನ ಮೇಲೆ ಕೈಯಿಟ್ಟಳು. "ಸಂರಕ್ಷಿತ ಜಾಗದಲ್ಲಿರೋದನ್ನ ಮುಟ್ಟೋ ಹಾಗಿಲ್ಲ, ಹೊರಗೆ ಸಿಗೋದು ಚಿಕ್ಕವು, ಗಾಳಿಮಳೆಗೆ ಕೊಳೆತು ಕಂದುಬಣ್ಣ ಆಗಿರುತ್ತವೆ. ಇದರಲ್ಲಿ ಅರ್ಧ ಕೊಡಿ. ಕೊಯ್ದು ನೋಡಿದ್ರೆ ನಮ್ಮ ಕಾಲ ಕೆಳಗಿನ ಶಿಲಾಗೋಳ, ಅಂದ್ರೆ ಭೂಮಿಯ ಗಟ್ಟಿ ಮುಚ್ಚಳ, ಏನೇನು ಅನುಭವಿಸಿದೆ ಅಂತ ಗೊತ್ತಾಗುತ್ತೆ."

"ನನ್ನ ಹೊಟ್ಟೆಪಾಡನ್ನೇ ಕೊಯ್ತೀಯಾ?"

ಬಾಗಿಲಾಚೆ ನಿಂತಿದ್ದ ಸೆಬೆರೋ ಮೂಗು ತೂರಿಸಿದ. "ಕೊಡೇ, ಪಾಪ. ನಿನಗೆ ಅರ್ಧ ಸಾಕು."

"ಕಮ್ಮಿ ಬಿದ್ದ ಭಾರಕ್ಕೆ ನೀನು ಬರ್ತೀಯಾ?"

"ಬರ್ತೀನಿ ಹೋಗೇ!"

ಹಸಿಂತಾ ಕಲ್ಲಿನ ಕಡೆ ತಿರುಗಿದಳು. ಅಜ್ಜಿಯ ಕೈ, ಅಮ್ಮನ ಕೈ, ತನ್ನ ಕೈ ಸವರಿ ಸವರಿ ನುಣ್ಣಗಾದ ಕಲ್ಲು. ಆದರೆ ಇಷ್ಟು ವರ್ಷ ಜೊತೆಗಿದ್ದೂ ಅದರ ಹುಟ್ಟೂರು ತನಗೆ ಗೊತ್ತಿರಲಿಲ್ಲವಲ್ಲ ಎಂಬುದು ಅವಳನ್ನು ಇನ್ನೂ ಹೆಚ್ಚು ಕಾಡಿತು. ಹೂಂ ಎಂದಳು.

ಕಲ್ಲು ಒಯ್ಯಲು ಯುರೇನಾ ಮತ್ತೆ ಬಂದಾಗ ಅದು ಹಾಲಿನಂತೆ ಬೆಳ್ಳಗೆ ಕೂತಿತ್ತು. ಇಲ್ಲಿ ಹಬ್ಬಕ್ಕೆ, ನೆಂಟರಿಗೆ, ಗೋರಿಗೆ, ಎಲ್ಲಕ್ಕೂ ಸುಣ್ಣ. ಪರವೂರಿಗೆ ಹೊರಟ ಕಲ್ಲನ್ನು ಹಾಗೇ ಕಳಿಸಲು ಹಸಿಂತಾಳಿಗೆ ಮನಸ್ಸು ಬಂದಿರಲಿಲ್ಲ. ಎರಡು ಕೋಟ್ ಬಳಿದಿದ್ದಳು!

ಯುರೇನಾ ತಲೆ ಮೇಲೆ ಕೈ ಹೊತ್ತಳು, ಆಮೇಲೆ ಹೊಟ್ಟೆ ಹುಣ್ಣಾಗುವಷ್ಟು ನಕ್ಕಳು. "ಹೋಗ್ಲಿ ಬಿಡಿ ಅಮ್ಮ, ನನಗೆ ಬೇಕಾಗಿರೋದು ಇದರ ಹೊಟ್ಟೆಯೊಳಗಿಂದು."

ಹಸಿಂತಾಳ ಪಾಲಿನ ಅರ್ಧ ವಾಪಸ್ಸು ಬಂತು. ಕೊಯ್ದ ಮೈ ಹಸಿರಾಗಿ ಫಳಫಳ ಹೊಳೆಯುತ್ತಿತ್ತು, ಆದರೆ ಭಾರ ಸಾಲಲಿಲ್ಲ. ಪಟ್ಟಿ ಬಿಚ್ಚಿದ್ದೇ ತಡ, ಚೀಸ್ ಕುಸಿದು ಹಲಗೆಯ ಮೇಲೆ ಹರಡಿಕೊಂಡಿತು. ಹಸಿಂತಾ ಸೆರಗಿಲ್ಲದ ನಾಡಿನವಳು, ಏಪ್ರನ್ನನ್ನೇ ಸೊಂಟಕ್ಕೆ ಬಿಗಿದು ಸೀದಾ ಬಾರಿಗೆ ನಡೆದಳು.

"ಏಳಯ್ಯಾ. ಅರ್ಧ ಕಲ್ಲು ಅಲ್ಲಿ ಕಾಯ್ತಾ ಇದೆ, ಇನ್ನರ್ಧ ಇಲ್ಲಿ ಡಾಮಿನೋ ಆಡ್ತಾ ಇದೆ."

ಬಾರೆಲ್ಲ ಗೊಳ್ಳೆಂದಿತು. ಕೊಟ್ಟ ಮಾತು, ಸೆಬೆರೋ ಎದ್ದ. ಮೊದಮೊದಲು ಮೂಗು ಮುಚ್ಚಿಕೊಂಡು ಒಂದೇ ಕೈಯಲ್ಲಿ ಕಲ್ಲನ್ನು ಅದುಮಿದ. ಬರಬರುತ್ತ ಎರಡೂ ಕೈ ಬಂದವು, ಕಾಫಿ ಲೋಟ ಬಂತು, ತೋಟದ ಸುದ್ದಿ ಬಂತು. ಅದುಮುತ್ತ ಅದುಮುತ್ತ ಆ ಮನುಷ್ಯ ಹಾಡತೊಡಗಿದ್ದನ್ನು ನೆರೆಯವರೆಲ್ಲ ಕೇಳಿದ್ದಾರೆ.

ಯುರೇನಾ ಸುದ್ದಿ ಹೊತ್ತು ಬಂದಾಗ ಅವನು ಮೊಣಕೈವರೆಗೂ ಹಾಲಿನ ನೀರಿನಲ್ಲಿದ್ದ.

"ಈ ಕಲ್ಲೂ ನಿಮ್ಮ ಚೀಸ್ ಥರಾನೇ ಅಮ್ಮ. ಯಾವುದೋ ಕಾಲದಲ್ಲಿ ಬಿಸಿಗೆ ಅರೆಬರೆ ಕರಗಿ, ಅದರ ರಸ ಹಿಂಡಿದ ಹಾಗೆ ಮೇಲೆ ಹೋಗಿದೆ. ಉಳಿದಿದ್ದು ಒಣಕಲು. ಆಮೇಲೆ ಕೆಳಗಿಂದ ಹೊಸ ರಸ ಬಂದು ಮತ್ತೆ ಒಳಗೆ ಇಂಗಿದೆ. ನಮ್ಮ ಕೆಳಗಿರೋದು ಸುಮ್ನೆ ಬಿದ್ದಿರೋ ಮುಚ್ಚಳ ಅಲ್ಲ."

"ಹಿಂಡಿ ಹಿಪ್ಪೆಯಾಗಿದ್ದು ಮತ್ತೆ ರಸ ಹೀರುತ್ತೆ ಅಂತೀಯಾ?"

"ಹೀರಿದೆ. ಹರಳಿನಲ್ಲೇ ಗುರುತಿದೆ."

ಹಸಿಂತಾ ಗಂಡನನ್ನು ಒಮ್ಮೆ ನೋಡಿದಳು. ಅವನು ಹಾಡು ನಿಲ್ಲಿಸಿರಲಿಲ್ಲ. ಅವಳ ಕಣ್ಣಲ್ಲಿ ನೀರಾಡಿತು, ನಗುವೂ ಬಂತು.

"ನನ್ನ ಕೆಲಸ ಮುಗೀತು ಅಮ್ಮ, ಉಳಿದ ಅರ್ಧಾನೂ ಮುಂದಿನ ವಾರ ತಂದುಕೊಡ್ತೀನಿ," ಎಂದಳು ಯುರೇನಾ.

ಹಸಿಂತಾ ಬಾಗಿಲು ಮರೆ ಮಾಡಿ ಅವಳ ಕಿವಿಗೆ ಬಾಗಿದಳು.

"ಬೇಡ ಮಗಳೇ, ನೀನೇ ಇಟ್ಕೊ. ಅದು ಬಂದ್ರೆ ಇವನು ಎದ್ದು ಹೋಗ್ಬಿಡ್ತಾನೆ."