ಐದು ಗಂಟೆಗೆ ಬಾಗಿಲು ತಟ್ಟುವ ಒಫೀಲಿಯಾ

ಬೆಳಗಿನ ಐದೂ ಹತ್ತು. ಸ್ಟಬಿಂಗ್ಸ್ ಮನೆಯ ನಾಯಿ ಬೊಗಳುವುದಿಲ್ಲ. ಬಾಲ ಆಡಿಸುತ್ತ ಬಂದು ಒಫೀಲಿಯಾ ಬ್ರಾಕಮಾಂಟೆಯವರ ಜೇಬಿಗೆ ಮೂತಿ ತೂರಿಸುತ್ತದೆ. ಅಲ್ಲಿ ಬಿಸ್ಕತ್ತಿರುವುದು ಅದಕ್ಕೆ ಗೊತ್ತು. ಬೊಗಳುವ ಕೆಲಸವನ್ನು ಮನೆಯೊಡತಿ ವರ್ಲೀನ್ ವಹಿಸಿಕೊಂಡಿದ್ದಾರೆ.

“ಬಂದ್ಯಾ ತಾಯಿ? ನಿಂಗೆ ನಿದ್ದೆ ಅನ್ನೋದೇ ಬರಲ್ವಾ?”

“ನಿಮ್ಮ ಮಗ ನೆಟ್ಟಗಿದ್ದಿದ್ರೆ ನಾನೂ ಮಲಗ್ತಿದ್ದೆ ವರ್ಲೀನಮ್ಮ. ಎಲ್ಲಿ ರೋಲಿ?”

“ಕೆಲಸಕ್ಕೆ ಹೋದ.”

ಒಫೀಲಿಯಾರ ನಗು ಅಲ್ಲೇ ಆರುತ್ತದೆ. ರೋಲಿಯೇ ಬರೆದುಕೊಟ್ಟ ವಾರದ ವೇಳಾಪಟ್ಟಿಯ ಪ್ರಕಾರ ಬೆಳಿಗ್ಗೆ ಆರಕ್ಕೆ ಮುಂಚೆ ಅವನು ಹೊಸ್ತಿಲು ದಾಟುವಂತಿಲ್ಲ. ಈಗಾಗಲೇ ಎರಡು ಸಲ ತಪ್ಪಿದ್ದಾನೆ. ಮೂರನೆಯದಾದರೆ ಜೈಲು. ನ್ಯಾಯಾಲಯದ ವಿಚಾರಣೆಗೆ ಇನ್ನು ಹನ್ನೊಂದೇ ದಿನ. ಅಲ್ಲಿಯವರೆಗೆ ಸರಿಯಾಗಿದ್ದರೆ ಈ ಬಿಗಿ ಕಾವಲಿನಿಂದ ಬಿಡುಗಡೆ.

ರೋಲಿಗೆ ಮೂವತ್ತೊಂದು ವರ್ಷ. ಹೋದ ವರ್ಷ ಒಂದು ಲಾರಿ ತಾಮ್ರದ ತಂತಿ ಕದ್ದು, ಆ ಲಾರಿಯನ್ನು ಪೊಲೀಸ್ ಠಾಣೆಯ ಎದುರೇ ಕೆಡಿಸಿಕೊಂಡು ನಿಂತ ಪುಣ್ಯಾತ್ಮ. ಜೈಲಿನ ಬದಲು ಕಟ್ಟುನಿಟ್ಟಿನ ಪ್ರೊಬೇಷನ್, ಅಂದರೆ ಮನೆಯಲ್ಲಿದ್ದೇ ಕಾವಲು, ಸಿಕ್ಕಿತು. ಪ್ರೊಬೇಷನ್ ಅಧಿಕಾರಿ ಕಚೇರಿಯಲ್ಲಿ ಕಡತ ನೋಡುತ್ತಾರೆ, ನ್ಯಾಯಾಧೀಶರು ಪೀಠದಲ್ಲಿರುತ್ತಾರೆ. ಮನೆಮನೆ ಅಲೆಯುವುದು ಮಾತ್ರ ನಿಗಾ ಅಧಿಕಾರಿಯ ಹಣೆಬರಹ. ಉತ್ತರ ಅರಿಜೋನಾದ ನಮ್ಮ ಜಿಲ್ಲೆಯಲ್ಲಿ ಆ ಹಣೆಬರಹ ಒಫೀಲಿಯಾರದ್ದು.

ಪತ್ರಿಕೆಗೆ ಅವರ ಬಗ್ಗೆ ಬರೆಯಲು ಜೊತೆಗೆ ಸುತ್ತುತ್ತಿರುವ ನಾನು, ನಿಮ್ಮ ಅಧಿಕಾರವೇನು ಎಂದು ಅವರ ಟ್ರಕ್ಕಿನಲ್ಲಿ ಕೂತು ಕೇಳುತ್ತೇನೆ.

“ಹೊತ್ತಲ್ಲದ ಹೊತ್ತಲ್ಲಿ ಬಾಗಿಲು ತಟ್ಟಬಹುದು. ಫ್ರಿಜ್ ತೆಗೆದು ಬಿಯರ್ ಇದ್ಯಾ ನೋಡಬಹುದು. ಡಬ್ಬಿ ಕೈಗಿಟ್ಟು ಉಚ್ಚೆ ಹಿಡ್ಕೊಂಡು ಬಾ ಅನ್ನಬಹುದು. ಕ್ಷಮಿಸೋ ಅಧಿಕಾರ ಒಂದಿಲ್ಲ. ಕಂಡಿದ್ದನ್ನ ಕಂಡಂಗೆ ಬರೀಬೇಕು, ಅಷ್ಟೆ.”

ಐವತ್ತಾರರ ಒಫೀಲಿಯಾ ಮೊದಲು ಹತ್ತೊಂಬತ್ತು ವರ್ಷ ಶಾಲಾ ಬಸ್ ಓಡಿಸಿದವರು. ರೋಲಿಯೂ ಆ ಬಸ್ಸಿನ ಕೊನೆಯ ಸೀಟಿನವನೇ. “ಮಕ್ಕಳೂ ಅವೇ, ಹಟವೂ ಅದೇ. ಗಡ್ಡ ಬಂದಿದೆ ಅಷ್ಟೆ,” ಎನ್ನುತ್ತಾರೆ. ದಿನಕ್ಕೆ ಹದಿನಾಲ್ಕು ಮನೆ, ನೂರೆಂಬತ್ತು ಮೈಲಿ, ಹನ್ನೆರಡು ನಾಯಿ. ಹತ್ತು ವರ್ಷದಲ್ಲಿ ಎರಡು ಸಲ ಕಚ್ಚಿಸಿಕೊಂಡಿದ್ದಾರೆ, ಅದರಲ್ಲಿ ಒಂದು ಸಲ ಕಚ್ಚಿದ್ದು ಬಾತುಕೋಳಿ. ಇವರು ದಿನಸಿ ಅಂಗಡಿಗೆ ಕಾಲಿಟ್ಟರೆ ಬಿಯರ್ ಸಾಲಿನ ಮುಂದೆ ನಿಂತವರೆಲ್ಲ ತಾವಾಗಿ ಮಾಯವಾಗುತ್ತಾರೆ. ಊರಿನಲ್ಲಿ ಯಾರೂ ಇವರನ್ನು ಊಟಕ್ಕೆ ಕರೆಯುವುದಿಲ್ಲ. ಅದನ್ನು ಹೇಳುವಾಗಲೂ ನಗುತ್ತಾರೆ. ನನಗೆ ಮಾತ್ರ ನಗು ಬರುವುದಿಲ್ಲ.

ಐದೂವರೆಗೆ ರೋಲಿ ಕೆಲಸ ಮಾಡುವ ಟೈರ್ ಅಂಗಡಿ ಮುಟ್ಟುತ್ತೇವೆ. ಷಟರ್ ಮುಚ್ಚಿದೆ. ಮುಂದಿನ ಹಳೇ ಟೈರುಗಳ ಮೇಲೆ ರೋಲಿ ಕೂತು, ಸುರುಳಿ ಸುತ್ತಿದ ಬುರ್ರಿಟೋ ರೊಟ್ಟಿ ತಿನ್ನುತ್ತ ಕುದಿಯುತ್ತಿದ್ದಾನೆ.

“ನೋಡಿ ಮೇಡಂ! ಆರೂವರೆ ಆಯ್ತು, ಓನರ್ ಪತ್ತೇನೇ ಇಲ್ಲ. ನಾನು ತಡ ಮಾಡಿದ್ರೆ ಬರ್ಕೋತೀರಲ್ಲ, ಅವರನ್ನೂ ಬರ್ಕೊಳ್ಳಿ!”

ಒಫೀಲಿಯಾ ಕೈ ಚಾಚುತ್ತಾರೆ. “ಫೋನ್ ತೋರ್ಸೋ.”

ಅವನ ಫೋನಿನಲ್ಲಿ ಆರೂವರೆ. ಇವರ ಫೋನಿನಲ್ಲಿ ಐದೂವರೆ.

ನಮ್ಮೂರಿನ ಬೇಲಿಯಾಚೆ ನವಾಹೋ ಮೂಲನಿವಾಸಿಗಳ ಸೀಮೆ. ಬೇಸಿಗೆ ಬಂದರೆ ಅವರು ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುತ್ತಾರೆ, ನಾವು ಮುಟ್ಟುವುದಿಲ್ಲ. ಫೋನು ಆಚೆಯ ಮೊಬೈಲ್ ಟವರಿನ ಸಂಕೇತ ಹಿಡಿದರೆ ಮುಗಿಯಿತು, ಆಚೆಯ ಗಂಟೆಯನ್ನೇ ತೋರಿಸುತ್ತದೆ. ಇದರಿಂದ ತಮ್ಮ ಮದುವೆಗೇ ಒಂದು ಗಂಟೆ ಮುಂಚೆ ಹೋಗಿ ನಿಂತ ವರರು ಇಲ್ಲಿದ್ದಾರೆ.

ವಿಷಯ ಹೊಳೆದದ್ದೇ ರೋಲಿಯ ಕೈಯಿಂದ ಬುರ್ರಿಟೋ ಜಾರುತ್ತದೆ. “ಹಂಗಾದ್ರೆ ನಾನು... ಮೂರನೇದು? ಮೇಡಂ, ದಯವಿಟ್ಟು ಬರೀಬೇಡಿ.”

“ಬರೀದೇ ಇರೋ ಅಧಿಕಾರ ನಂಗಿಲ್ಲ ಕಣೋ. ಸುಮ್ನೆ ಕೂತ್ಕೋ.”

ಎರಡೂ ಫೋನುಗಳನ್ನು ಟೈರಿನ ಮೇಲೆ ಪಕ್ಕಪಕ್ಕ ಇಟ್ಟು ಕಚೇರಿಯ ಕ್ಯಾಮೆರಾದಲ್ಲಿ ಫೋಟೋ ತೆಗೆಯುತ್ತಾರೆ. ಬಾನೆಟ್ಟಿನ ಮೇಲೆ ಹಾಳೆ ಇಟ್ಟು ಬರೆಯುತ್ತಾರೆ: ‘ಅನುಮತಿಯಿಲ್ಲದೆ ಒಂದು ಗಂಟೆ ಮುಂಚೆ ಮನೆ ಬಿಟ್ಟಿದ್ದಾನೆ. ಕಂಡಾಗ ಕೆಲಸದ ಜಾಗದಲ್ಲೇ ಇದ್ದ. ಮಾಲೀಕರು ತಡವಾಗಿ ಬರುತ್ತಾರೆಂದು ನನಗೇ ದೂರು ಕೊಟ್ಟ.’ ಹಾಳೆ ಮಡಚಿ ಕಡತಕ್ಕೆ ಸೇರಿಸುತ್ತಾರೆ.

ಹನ್ನೊಂದನೆಯ ದಿನ ನ್ಯಾಯಾಧೀಶರು ಆ ಹಾಳೆಯನ್ನು ಎರಡು ಸಲ ಓದಿ, ಫೋಟೋ ನೋಡಿ, ಕನ್ನಡಕ ತೆಗೆಯುತ್ತಾರೆ. “ಕೆಲಸಕ್ಕೆ ಬೇಗ ಹೋದ ಅಂತ ಒಬ್ಬನನ್ನ ಜೈಲಿಗೆ ಕಳಿಸಿದ ಕೀರ್ತಿ ನನಗೆ ಬೇಡಪ್ಪ. ಬಿಗಿ ಕಾವಲು ಇವತ್ತಿಗೆ ಮುಗೀತು. ಹೋಗ್ತಾ ಒಂದು ಗೋಡೆ ಗಡಿಯಾರ ತಗೋ.”

ಮರುದಿನ ಐದೂ ಹತ್ತಕ್ಕೆ ಟ್ರಕ್ಕು ಸ್ಟಬಿಂಗ್ಸ್ ಮನೆಯ ಮುಂದೆ ನಿಧಾನವಾಗುತ್ತದೆ. ಒಫೀಲಿಯಾ ಕಿಟಕಿಯಿಂದ ನಾಯಿಗೆ ಬಿಸ್ಕತ್ತು ಎಸೆಯುತ್ತಾರೆ. ವರ್ಲೀನ್ ರಾತ್ರಿಯುಡುಪಿನಲ್ಲೇ ಗೇಟಿಗೆ ಬರುತ್ತಾರೆ.

“ಏನೇ, ಇಳಿಯಲ್ವಾ?”

“ನಿಮ್ಮನೆ ಬಾಗಿಲು ತಟ್ಟೋ ಅಧಿಕಾರ ಇನ್ನು ನಂಗಿಲ್ಲ ವರ್ಲೀನಮ್ಮ!”

“ತಟ್ಟು ಅಂತ ಯಾರು ಅಂದ್ರು? ತೆಗೆದೇ ಇದೆ. ಕಾಫಿ ಆರ್ತಿದೆ, ಬಾ.”

ಒಫೀಲಿಯಾ ಎಂಜಿನ್ ಆರಿಸಿ ನನ್ನ ಕಡೆ ತಿರುಗುತ್ತಾರೆ.

“ಹತ್ತು ವರ್ಷದಲ್ಲಿ ಒಬ್ರು ಒಳಗೆ ಕರೆದಿದ್ದು ಇದೇ ಮೊದಲ್ನೇ ಸಲ. ಇದನ್ನ ಬರ್ಕೊಳ್ಳಿ.”