ಅವ್ವ ಬೇಯಿಸಿದ ಬಾಳೆನಾರು

ಏಷ್ಯಾ ಅಧ್ಯಯನದ ನಾಲ್ಕನೆಯ, ಆನರ್ಸ್ ವರ್ಷಕ್ಕೆ ಅರ್ಜಿ ಹಾಕಿದ ದಿನ ಮಲಪನಗುಡಿಯ ಗಂಗೋತ್ರಿಯ ಕಾಲು ನೆಲದ ಮೇಲಿರಲಿಲ್ಲ. ಹೊಸಪೇಟೆಯಿಂದ ಬರುವಾಗ ಬಸ್ಸಿನ ಕಂಡಕ್ಟರಿಗೂ ಸುದ್ದಿ ಹೇಳಿದಳು.

"ಏಷ್ಯಾ ಅಂದ್ರ ಭಾಳ ದೂರೇನವ್ವಾ?" ಎಂದ ಆತ.

"ನೀವು ಈಗ ಟಿಕೆಟ್ ಹರಿಯಾಕತ್ತಿದ್ದೂ ಏಷ್ಯಾದಾಗ ರೀ!"

ಸೀಟು ಸಿಗಬೇಕಾದರೆ ಪ್ರಬಂಧದ ವಿಷಯವನ್ನು ಸಮಿತಿ ಒಪ್ಪಬೇಕು. ಒಪ್ಪದಿದ್ದರೆ ಮೂರು ವರ್ಷದ ಡಿಗ್ರಿಗೇ ಓದು ಮುಗಿಯಿತು. ಅವಳು ಆರಿಸಿಕೊಂಡದ್ದು ತಮ್ಮೂರಿನ ಬಾಳೆನಾರನ್ನೂ ಜಪಾನಿನ ಓಕಿನಾವಾ ದ್ವೀಪದಲ್ಲಿ ಬಾಳೆನಾರಿನಿಂದ ನೇಯುವ ಬಟ್ಟೆಯನ್ನೂ. ಅವಳ ಅವ್ವ ದುರುಗವ್ವ ಬಾಳೆದಿಂಡಿನ ನಾರು ತೆಗೆದು ಬುಟ್ಟಿ ಹೆಣೆಯುವವಳು. "ಹಸಿ ನಾರು ಒಂದು ಕಟ್ಟು ಇಡವ್ವಾ, ಹೆಂಗೈತೋ ಹಂಗ ಇರ್ಲಿ" ಎಂದು ಮಗಳು ಹತ್ತು ಸಲ ಹೇಳಿದ್ದಳು. ದುರುಗವ್ವ ಹತ್ತು ಸಲವೂ ಹೂಂಗುಟ್ಟಿದ್ದಳು.

ಸಮಿತಿಯ ಮುಂದೆ ಗಂಗೋತ್ರಿ ಅವ್ವ ಕಟ್ಟಿಕೊಟ್ಟಿದ್ದ ಗಂಟು ಬಿಚ್ಚಿದಳು. ಒರಟು ಕಂದು ನಾರು ಇರಬೇಕಾದಲ್ಲಿ ಬೆಳ್ಳಗೆ, ಮೆತ್ತಗೆ, ಎಳೆಗೂಸಿನ ಕೂದಲಿನಂಥದ್ದು! ಬರೆದುಕೊಂಡು ಬಂದ ಮಾತೆಲ್ಲ ಹಾರಿಹೋಯಿತು. ಪಾಪ, ಹುಡುಗಿ ಸುಳ್ಳು ಹೇಳಲಿಲ್ಲ. "ಇದು ಹಿಂಗ್ಯಾಕಾತು ನನಗ ಗೊತ್ತಿಲ್ಲ ರೀ" ಎಂದಳು.

"ಅವ್ವಗ ಫೋನ್ ಹಚ್ಚು" ಎಂದರು ಮುಖ್ಯಸ್ಥೆ ಶ್ರೀಲಕ್ಷ್ಮೀ ಮೇಡಂ.

"ದೊಡ್ಡೋರ ಮುಂದ ಹೊಲಸು ನಾರು ಇಡ್ತಾರೇನ?" ದುರುಗವ್ವನ ದನಿ ಕೋಣೆಯನ್ನೆಲ್ಲ ತುಂಬಿತು. "ಒಲಿ ಬೂದಿ ನೀರಾಗ ಕುದಿಸಿ ತೊಳದೀನಿ. ನಿಮ್ಮಜ್ಜೀನೂ ಹಂಗ ಮಾಡ್ತಿದ್ಲು."

ಮೇಡಂ ಅದನ್ನು ಇಂಗ್ಲಿಷಿಗೆ ತಿರುಗಿಸಿದ್ದೇ ತಡ, ಸಮಿತಿಯ ಜೊತೆ ವಿಡಿಯೊ ಕರೆಯಲ್ಲಿ ಪರದೆಯ ಮೇಲಿದ್ದ ಓಕಿನಾವಾದ ವೃದ್ಧ ಪ್ರಾಧ್ಯಾಪಕಿ ಕುರ್ಚಿ ತಳ್ಳಿ ಎದ್ದು ಓಡಿದರು. ತಿರುಗಿ ಬಂದಾಗ ಕೈಯಲ್ಲಿ ಅಂಥದ್ದೇ ನಾರಿನ ಕಟ್ಟು. ತಮ್ಮಲ್ಲೂ ಬೂದಿ ನೀರಿನಲ್ಲೇ ಕುದಿಸುವುದು ಎಂದು ಚಪ್ಪಾಳೆ ತಟ್ಟಿ ನಕ್ಕರು. ಯಾವ ಕಟ್ಟಿಗೆಯ ಬೂದಿ, ಎಷ್ಟು ಹೊತ್ತು ಕುದಿ, ಮೂರು ಸಲ ತೊಳೆಯುವುದೋ ನಾಲ್ಕೋ? ಅರ್ಧ ಗಂಟೆ ಇಬ್ಬರದೇ ದರ್ಬಾರು, ಮೇಡಂ ನಡುವೆ ದುಭಾಷಿ. ಸೀಟು ಕೇಳಲು ಬಂದವಳನ್ನು ಯಾರೂ ಕೇಳಲಿಲ್ಲ. ಗಂಗೋತ್ರಿಗೆ ಹೊಟ್ಟೆಕಿಚ್ಚೂ ಆಯಿತು, ಕುಣಿಯುವಷ್ಟು ಖುಷಿಯೂ ಆಯಿತು.

"ವಿಷಯ ಒಪ್ಪಿದೀವಿ, ಸೀಟು ನಿಂದೇ" ಎಂದರು ಮೇಡಂ. "ಆದ್ರ ವರ್ಷಪೂರ್ತಿ ಅವ್ವನ ಹತ್ರ ಕುಂತು ಕಲೀಬೇಕು."



"ನಾರು ತಗಿಯಾಕ ನಾ ಕರದ್ರ ಓದೋದೈತಿ ಅಂತಿದ್ಲು ರೀ ಮೇಡಂ" ಎಂದಳು ದುರುಗವ್ವ. "ಈಗ ಅದ ಓದು ಆತಲ್ಲ, ಬರ್ತಾಳ ಬಿಡ್ರಿ."

ಗಂಗೋತ್ರಿ ನಗುತ್ತಲೇ ಕಣ್ಣೊರೆಸಿಕೊಂಡಳು.